ಸ್ಕ್ಯಾನ್ ರಿಪೋರ್ಟಿನ ಕೊನೆಯ ಸಾಲು: ಆರೋಗ್ಯ ಇಲಾಖೆಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಕೃಷ್ಣೆಯ ದಂಡೆಯ ಒಂದು ಸಣ್ಣ ಊರಿನವಳು. ಬ್ಲೌಸು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದು ಸಂಸಾರಕ್ಕೆ ಹೆಗಲು ಕೊಡುತ್ತೇನೆ. ನನ್ನ ಮಗನಿಗೆ ಈಗ ಆರು ವರ್ಷ. ಅವನ ಹೊಟ್ಟೆಯ ಮೇಲೆ ಮೂರು ಗುರುತುಗಳಿವೆ. ಒಂದು ಹೊಕ್ಕುಳಿನೊಳಗೇ ಅಡಗಿ ಹೋಗಿದೆ, ಹುಡುಕಿದರೂ ಕಾಣುವುದಿಲ್ಲ. ಇನ್ನೆರಡು ಅಕ್ಕಿ ಕಾಳಿನಷ್ಟು. ಆ ಮೂರು ತೂತುಗಳ ಮೂಲಕವೇ ಡಾಕ್ಟರು ಅವನ ಎಡ ಕಿಡ್ನಿಯಿಂದ ಮೂತ್ರ ಇಳಿಯುವ ದಾರಿಯನ್ನು ಸರಿ ಮಾಡಿದರು. ಕೀಹೋಲ್ ಆಪರೇಷನ್ ಅನ್ನುತ್ತಾರಲ್ಲ, ಅದು.

ಆಪರೇಷನ್ ಮಾಡಿದ ಸರ್ಕಾರಿ ಆಸ್ಪತ್ರೆಯ ಮೇಲೆ ನನ್ನದು ಯಾವ ದೂರೂ ಇಲ್ಲ. ಅಲ್ಲಿನ ಡಾಕ್ಟರನ್ನು, ಸಿಸ್ಟರುಗಳನ್ನು ದಿನಾ ನೆನೆಯುತ್ತೇನೆ. ನಾನು ಬರೆಯುತ್ತಿರುವುದು ಅದಕ್ಕೆ ಮುಂಚಿನ ಐದು ವರ್ಷದ ಬಗ್ಗೆ. ಮಗ ಇನ್ನೂ ಹೊಟ್ಟೆಯಲ್ಲಿರುವಾಗಲೇ ಈ ತೊಂದರೆ ಕಾಣಿಸಿತ್ತು. ಕಾಗದದ ಮೇಲೂ ಬರೆದಿದ್ದರು. ಆ ಕಾಗದ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು.

ನನಗೆ ಐದನೇ ತಿಂಗಳಲ್ಲಿ ಒಂದು ಸ್ಕ್ಯಾನ್ ಆಯಿತು, ಎಂಟನೇ ತಿಂಗಳಲ್ಲಿ ಇನ್ನೊಂದು. ಎರಡನೇ ರಿಪೋರ್ಟಿನ ಎರಡನೇ ಪುಟದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇದೆ. ಮಗುವಿನ ಎಡ ಕಿಡ್ನಿಯ ಮೂತ್ರ ತುಂಬುವ ಭಾಗ 12 ಮಿಲಿಮೀಟರ್ ಹಿಗ್ಗಿದೆ, ಹುಟ್ಟಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಬೇಕು ಅಂತ. ನಾನು ಪಿಯುಸಿ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಆ ಸಾಲಿನ ಅರ್ಥ ಆಗಲಿಲ್ಲ. ಚೆಕಪ್ಪಿನಲ್ಲಿ ಕೇಳಿದೆ. "ಮಗು ಚೆನ್ನಾಗಿದೆ, ತೂಕ ಸರಿಯಾಗಿದೆ, ಚಿಂತೆ ಮಾಡಬೇಡಮ್ಮ" ಅಂದರು. ಹೊರಗೆ ನಲವತ್ತು ಜನ ಬಸುರಿಯರು ಬೆಂಚಿನ ಮೇಲೆ ಕೂತಿದ್ದರು. ಅವರಿಗೂ ಪುರುಸೊತ್ತಿರಲಿಲ್ಲ. ನಾನೂ ಎದ್ದು ಬಂದೆ.

ಹೆರಿಗೆಗೆ ತವರಿಗೆ ಹೋದೆ. ಚೊಚ್ಚಲ ಹೆರಿಗೆ ತವರಲ್ಲೇ ತಾನೇ. ತಾಯಿ ಕಾರ್ಡನ್ನು ಜೋಪಾನವಾಗಿ ಒಯ್ದೆ. ಸ್ಕ್ಯಾನಿನ ಫೈಲು ಗಂಡನ ಮನೆಯ ಟ್ರಂಕಿನಲ್ಲೇ ಉಳಿಯಿತು. ತಾಯಿ ಕಾರ್ಡಿನಲ್ಲಿ ನನ್ನ ಬಿಪಿ ಇತ್ತು, ರಕ್ತ ಎಷ್ಟಿದೆ ಅಂತ ಇತ್ತು, ಇಂಜೆಕ್ಷನ್ ಕೊಟ್ಟ ತಾರೀಕು ಇತ್ತು. ಮಗುವಿನ ಕಿಡ್ನಿಯ ಬಗ್ಗೆ ಒಂದಕ್ಷರ ಇರಲಿಲ್ಲ. ತವರಿನ ಆಸ್ಪತ್ರೆಯವರಿಗೆ ಗೊತ್ತಾಗುವುದಾದರೂ ಹೇಗೆ? ಅವರು ನೋಡಿದಾಗ ಕೂಸು ಮೂರು ಕೆಜಿ ಇತ್ತು, ಹುಟ್ಟಿದ ಕೂಡಲೇ ಅತ್ತಿತು, ಮೊಲೆ ಹಿಡಿಯಿತು. ಮೂರನೇ ದಿನ ಮನೆಗೆ ಕಳಿಸಿದರು. ತಾಯಿಯ ಫೈಲು ಒಂದು ಊರಿನಲ್ಲಿ, ಕೂಸಿನ ಫೈಲು ಇನ್ನೊಂದು ಊರಿನಲ್ಲಿ. ಎರಡೂ ಒಂದು ಮೇಜಿನ ಮೇಲೆ ಬರಲೇ ಇಲ್ಲ.

ಮೂರು ವರ್ಷ ಏನೂ ಆಗಲಿಲ್ಲ. ಈ ರೋಗದ ಗುಣವೇ ಅದಂತೆ. ಒಂದು ಕಿಡ್ನಿ ಕಟ್ಟಿಕೊಂಡರೆ ಇನ್ನೊಂದು ಸುಮ್ನೆ ಎಲ್ಲ ಕೆಲಸ ಹೊತ್ತುಕೊಳ್ಳುತ್ತದೆ. ಮಗು ಉಣ್ಣುತ್ತದೆ, ಆಡುತ್ತದೆ, ರಕ್ತ ಪರೀಕ್ಷೆಯಲ್ಲೂ ಹೆಚ್ಚೇನೂ ಕಾಣುವುದಿಲ್ಲ. ನಾಲ್ಕಕ್ಕೆ ಬಿದ್ದ ಮೇಲೆ ಆಗಾಗ ಹೊಟ್ಟೆನೋವು ಅನ್ನತೊಡಗಿದ. ಜಂತುಹುಳದ ಔಷಧಿ ಕುಡಿಸಿದೆವು. ನಮ್ಮತ್ತೆ ದೃಷ್ಟಿ ತೆಗೆದರು. ಓಮದ ನೀರು ಕಾಸಿ ಕೊಟ್ಟರು. ಶಾಲೆ ತಪ್ಪಿಸಲು ಸೋಗು ಹಾಕುತ್ತಾನೆ ಅಂತ ನಾನೇ ಒಂದು ಸಲ ಗದರಿಸಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಊರ ಜಾತ್ರೆಯ ದಿನ ಎರಡು ಲೋಟ ಕಬ್ಬಿನ ಹಾಲು ಕುಡಿದ. ಆ ರಾತ್ರಿ ಎಡ ಪಕ್ಕೆ ಹಿಡಿದುಕೊಂಡು ಹೊರಳಾಡಿದ. ನಾಲ್ಕು ಸಲ ವಾಂತಿ. ಬೆಳಗಿನ ಹೊತ್ತಿಗೆ ತಾನಾಗಿಯೇ ಇಳಿಯಿತು. ಕಬ್ಬಿನ ಹಾಲು ಕೆಟ್ಟಿರಬೇಕು ಅಂದುಕೊಂಡೆವು. ಒಮ್ಮೆಲೇ ಜಾಸ್ತಿ ನೀರು ಒಳಗೆ ಹೋದಾಗ ಕಿಡ್ನಿ ಜಾಸ್ತಿ ಮೂತ್ರ ಮಾಡುತ್ತದೆ, ದಾರಿ ಸಣ್ಣದಿದ್ದರೆ ಅದು ಇಳಿಯದೆ ಕಿಡ್ನಿ ಬಲೂನಿನ ಹಾಗೆ ಉಬ್ಬುತ್ತದೆ, ಆ ನೋವು ತಡೆಯಲಾಗದು ಅಂತ ಆಮೇಲೆ ಡಾಕ್ಟರು ಹೇಳಿದರು. ನೀರು ಜಾಸ್ತಿ ಕುಡಿದ ದಿನವೇ ನೋವು ಬರುತ್ತದಾ ಅಂತ ಅವರು ಕೇಳಿದ ಮೊದಲ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಒಂದು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಕೊನೆಗೆ ಊರ ಹತ್ತಿರದ ಒಬ್ಬ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಸ್ಕ್ಯಾನ್ ಬರೆದರು. ಎಡ ಕಿಡ್ನಿ ದೊಡ್ಡ ನೀರಿನ ಚೀಲದ ಹಾಗಿತ್ತು. ನಮ್ಮ ಕಡೆ ಮಕ್ಕಳ ಸರ್ಜನ್ ಇಲ್ಲದ್ದರಿಂದ ಬೆಂಗಳೂರಿಗೆ ರೆಫರ್ ಚೀಟಿ ಬರೆದುಕೊಟ್ಟರು. ರಾತ್ರಿ ಬಸ್ಸಿನಲ್ಲಿ ಹತ್ತು ಗಂಟೆ ದಾರಿ.

ಅಲ್ಲಿ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿದರು. ಕೈಗೆ ಸೂಜಿ ಹಾಕಿ ಔಷಧಿ ಬಿಟ್ಟು, ಕ್ಯಾಮರಾದ ಕೆಳಗೆ ಅಲುಗಾಡದೆ ಮಲಗಿಸುತ್ತಾರೆ. ಮಧ್ಯದಲ್ಲಿ ಮೂತ್ರ ಜಾಸ್ತಿ ಬರುವ ಇಂಜೆಕ್ಷನ್ ಕೊಡುತ್ತಾರೆ. ಅಷ್ಟು ಹೊತ್ತೂ ನಾನು ಅವನ ಕಿವಿಯಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಾ ನಿಂತಿದ್ದೆ. ಆಮೇಲೆ ಡಾಕ್ಟರು ಒಂದು ಗ್ರಾಫ್ ತೋರಿಸಿದರು. ಎರಡು ಗೆರೆ. ಬಲ ಕಿಡ್ನಿಯ ಗೆರೆ ಗುಡ್ಡದ ಹಾಗೆ ಏರಿ ಇಳಿದಿತ್ತು. ಎಡದ್ದು ಏರಿತು, ಏರಿದಲ್ಲೇ ನಿಂತಿತು, ಇಳಿಯಲೇ ಇಲ್ಲ. ಎರಡೂ ಕಿಡ್ನಿ ಸೇರಿ ಮಾಡುವ ಕೆಲಸ ನೂರು ಅಂದರೆ ಯಾವುದರದು ಎಷ್ಟು ಅಂತ ಕೆಳಗೆ ಬರೆದಿತ್ತು: ಎಡ 29, ಬಲ 71. ಎರಡೂ ಕಿಡ್ನಿ ಸರಿಯಾಗಿದ್ದರೆ ಹೆಚ್ಚುಕಡಿಮೆ ಅರ್ಧರ್ಧ ಇರಬೇಕು. 40ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಎಚ್ಚರ ಆಗುತ್ತಾರೆ.

"ಹೋದದ್ದು ವಾಪಸ್ ಬರುತ್ತದಾ ಸರ್?" ಅಂದೆ.

"ಸ್ವಲ್ಪ ಬರಬಹುದಮ್ಮ. ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳೋಣ."

ಸುಳ್ಳು ಭರವಸೆ ಕೊಡಲಿಲ್ಲ ಅವರು. ನನಗೆ ಅದೇ ಸಮಾಧಾನ.

ಆಪರೇಷನ್ ಏನು ಅಂತ ರೆಫರ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಿಡ್ನಿಯ ಬಾಯಿ ಮೂತ್ರನಾಳಕ್ಕೆ ಕೂಡುವ ಜಾಗ ಹುಟ್ಟಿನಿಂದಲೇ ಸಣ್ಣಗಿರುತ್ತದೆ. ಕೆಲವರಲ್ಲಿ ಒಂದು ರಕ್ತನಾಳ ಅಡ್ಡ ಹಾಯ್ದು ಒತ್ತಿರುತ್ತದೆ. ಆ ಸಣ್ಣ ತುಂಡನ್ನು ಕತ್ತರಿಸಿ ತೆಗೆದು, ಮೂತ್ರನಾಳದ ತುದಿಯನ್ನು ಉದ್ದಕ್ಕೆ ಸೀಳಿ ಬಾಯಿ ಅಗಲ ಮಾಡಿ, ಕಿಡ್ನಿಗೆ ಓರೆಯಾಗಿ ಕೂಡಿಸಿ ಹೊಲಿಯುತ್ತಾರೆ. ಅಷ್ಟು ಹೇಳಿದ ಕೂಡಲೇ ನನಗೆ ತಿಳಿಯಿತು. ತೋಳು ಬಿಗಿಯಾಗಿದ್ದರೆ ನಾವೂ ಅದನ್ನೇ ಮಾಡುತ್ತೇವಲ್ಲ. ನೇರ ಕತ್ತರಿಸಿ ಕೂಡಿಸಿದರೆ ಹೊಲಿಗೆ ಮತ್ತೆ ಸುತ್ತಲೂ ಬಿಗಿಯುತ್ತದೆ. ಓರೆ ಕತ್ತರಿಸಿದರೆ ಬಾಯಿ ಅಗಲವಾಗುತ್ತದೆ, ಹೊಲಿಗೆ ಎಳೆದರೂ ಬಿಗಿಯುವುದಿಲ್ಲ. ಆಂಡರ್ಸನ್ ಮತ್ತು ಹೈನ್ಸ್ ಅನ್ನುವ ಇಬ್ಬರು ಬ್ರಿಟಿಷ್ ಸರ್ಜನ್‌ಗಳು 1949ರಲ್ಲಿ ಬರೆದ ವಿಧಾನ ಇದು. ಈಗಲೂ ಅದೇ ನಡೆದಿದೆ. ಬದಲಾಗಿದ್ದು ಒಳಗೆ ಹೋಗುವ ದಾರಿ. ಮುಂಚೆ ಪಕ್ಕೆ ಕೊಯ್ದು ಮಾಡುತ್ತಿದ್ದರು. 1993ರಲ್ಲಿ ದೊಡ್ಡವರಿಗೆ, 1995ರಲ್ಲಿ ಮಕ್ಕಳಿಗೆ, ತೂತಿನ ಮೂಲಕ ಇದೇ ಹೊಲಿಗೆ ಹಾಕಿದ ವರದಿಗಳು ಬಂದವು.

ಹೊಟ್ಟೆಗೆ ಗ್ಯಾಸ್ ತುಂಬಿಸಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಒಂದು ತೂತಿನಲ್ಲಿ ಕ್ಯಾಮರಾ. ಇನ್ನೆರಡರಲ್ಲಿ ಮೂರು, ಐದು ಮಿಲಿಮೀಟರ್ ದಪ್ಪದ ಸಲಕರಣೆ. ಟಿವಿ ನೋಡುತ್ತಾ, ಕೂದಲಿನಂಥ ದಾರದಲ್ಲಿ, ಮಗುವಿನ ಮೂತ್ರನಾಳಕ್ಕೆ ಹೊಲಿಗೆ ಹಾಕಬೇಕು. ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳು ನಾನು. ಆ ಕೈಗಳಿಗೆ ನಮಸ್ಕಾರ ಮಾಡಿದೆ.

ಮೂರು ಗಂಟೆ ಮೇಲಾಯಿತು. ಹೊರಗೆ ತಂದಾಗ ಮೂತ್ರದ ಚೀಲದಲ್ಲಿ ಗುಲಾಬಿ ಬಣ್ಣ. ನನ್ನ ಎದೆ ಧಸಕ್ಕೆಂದಿತು. ಸಿಸ್ಟರ್ ಬಂದು, ಮೊದಮೊದಲು ಹೀಗೇ ಇರುತ್ತದೆ ಅಂದರು. ಮರುದಿನ ಸಂಜೆ ಹೊತ್ತಿಗೆ ತಿಳಿ ಹಳದಿ ಆಯಿತು. ಮೂರನೇ ದಿನ ಅವನು ವಾರ್ಡಿನ ಬಾಗಿಲವರೆಗೆ ನಡೆದು ಹೋಗಿ ಬಿಸ್ಕೆಟ್ ಕೇಳಿದ. ನಾಲ್ಕನೇ ದಿನ ಡಿಸ್ಚಾರ್ಜ್. ಆಯುಷ್ಮಾನ್ ಕಾರ್ಡ್ ಇದ್ದುದರಿಂದ ಆಪರೇಷನ್ನಿಗೆ ಒಂದು ರೂಪಾಯಿ ಕಟ್ಟಲಿಲ್ಲ. ಸರ್ಕಾರಕ್ಕೆ ಇದಕ್ಕೆ ಮನಸಾರೆ ಕೃತಜ್ಞತೆ ಹೇಳುತ್ತೇನೆ.

ಆರು ತಿಂಗಳ ಮೇಲೆ ಮತ್ತೆ ಅದೇ ಸ್ಕ್ಯಾನ್. ಎಡ 32. ಗೆರೆ ಈಗ ಇಳಿಯುತ್ತಿದೆ. ಕಬ್ಬಿನ ಹಾಲು ಕುಡಿದರೆ ಈಗ ಏನೂ ಆಗುವುದಿಲ್ಲ. ಆದರೆ ಕೂಸಿದ್ದಾಗಲೇ ನೋಡಿದ್ದರೆ ಇನ್ನೂ ಎಷ್ಟೋ ಉಳಿಯುತ್ತಿತ್ತು.

ಓದುವ ಬೇರೆ ತಾಯಂದಿರು ಹೆದರಬಾರದು ಅಂತ ಇಲ್ಲಿ ಒಂದು ಮಾತು. ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿ ಸ್ವಲ್ಪ ಊದಿದೆ ಅಂದ ಕೂಡಲೇ ಆಪರೇಷನ್ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ಆಪರೇಷನ್ ಬೇಕಾಗುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ತಿಳಿಯಲು ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರಬೇಕು, ಅಷ್ಟೇ. ಕೀಹೋಲೇ ಆಗಬೇಕು ಅಂತಲೂ ಹಟ ಬೇಡ. ತೀರಾ ಸಣ್ಣ ಕೂಸುಗಳಿಗೆ ಪುಟ್ಟದಾಗಿ ಕೊಯ್ದು ಮಾಡುವ ಹಳೆಯ ಆಪರೇಷನ್ನೂ ಅಷ್ಟೇ ಚೆನ್ನಾಗಿ ಆಗುತ್ತದೆ. ಎರಡರಲ್ಲೂ ನೂರಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳಿಗೆ ದಾರಿ ಸರಿಹೋಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಕೀಹೋಲಿನಲ್ಲಿ ನೋವು ಕಡಿಮೆ, ಬೇಗ ಎದ್ದು ಓಡಾಡುತ್ತಾರೆ, ಕಲೆ ಕಾಣುವುದಿಲ್ಲ. ಯಾವುದು ಅಂತ ಡಾಕ್ಟರು ನಿರ್ಧರಿಸಲಿ.

ನಮ್ಮ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬ ತಾಯಿ ಇದ್ದಳು. ಆಕೆಯ ಮಗ ಎಂಟು ತಿಂಗಳ ಕೂಸು. ಅವನದು ಬೇರೆ ತೊಂದರೆ. ಮೂತ್ರಕೋಶದ ಕೆಳಗೆ, ಮೂತ್ರ ಹೊರಗೆ ಬರುವ ದಾರಿಯಲ್ಲೇ ಒಂದು ತೆಳು ಪೊರೆ ಅಡ್ಡ. ಇದು ಗಂಡು ಮಕ್ಕಳಿಗೆ ಮಾತ್ರ ಬರುತ್ತದೆ. ಕೆಳಗೆ ಕಟ್ಟಿದ್ದರಿಂದ ಎರಡೂ ಕಿಡ್ನಿಗೆ ಪೆಟ್ಟು. ಅದಕ್ಕೆ ಹೊಟ್ಟೆಯಲ್ಲಿ ತೂತೂ ಬೇಕಿಲ್ಲ. ಮೂತ್ರದ ದಾರಿಯಿಂದಲೇ ಕಡ್ಡಿಯಂಥ ದುರ್ಬೀನು ಒಳಗೆ ಬಿಟ್ಟು ಆ ಪೊರೆಯನ್ನು ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ತೆಗೆಯುವುದು ದೊಡ್ಡ ಹೊತ್ತಿನ ಕೆಲಸವಲ್ಲ. ಆದರೆ ಅಷ್ಟರೊಳಗೆ ಅವನ ಕಿಡ್ನಿಗಳು ಸೋತಿದ್ದವು. ಹುಟ್ಟುವ ಮೊದಲೇ ಆದ ಪೆಟ್ಟನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಆದರೆ ಹುಟ್ಟಿದ ಮೇಲಿನ ಎಂಟು ತಿಂಗಳು ಉಳಿಸಬಹುದಿತ್ತು ಅಂತ ಆಕೆಗೆ ಹೇಳಿದ್ದರು.

"ಅಕ್ಕಾ, ಇವನು ಉಚ್ಚೆ ಹೊಯ್ದರೆ ಧಾರೆ ಬರುತ್ತಿರಲಿಲ್ಲ, ತೊಟ್ಟು ತೊಟ್ಟಾಗಿ ಸೋರುತ್ತಿತ್ತು. ಕೂಸು ಹೀಗೇ ಅಂದುಕೊಂಡಿದ್ದೆ" ಅಂದಳು. ಅವಳದು ಇಪ್ಪತ್ತೊಂದರ ವಯಸ್ಸು. ಮುಂಚೆ ಬಟ್ಟೆ ಕಟ್ಟದೆ ತೊಟ್ಟಿಲಲ್ಲಿ ಮಲಗಿಸುತ್ತಿದ್ದರು, ಅಜ್ಜಿಯ ಸೀರೆಗೇ ಧಾರೆ ಹಾರುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಈಗ ಡೈಪರ್ ಹಾಕಿದರೆ ಒದ್ದೆಯಾಗಿದೆ ಅನ್ನುವುದಷ್ಟೇ ತಿಳಿಯುತ್ತದೆ.

ಮಾನ್ಯರೇ, ಈಗ ನಾನು ಕೇಳುವುದನ್ನು ಕೇಳುತ್ತೇನೆ.

ಆ ಒಂದು ಸಾಲು ಮಗುವಿನ ಜೊತೆ ಹೋಗಬೇಕು. ಸ್ಕ್ಯಾನಿನಲ್ಲಿ ಮಗುವಿನ ಕಿಡ್ನಿ ಹಿಗ್ಗಿದೆ ಅಂತ ಕಂಡರೆ ಅದನ್ನು ತಾಯಿ ಕಾರ್ಡಿನ ಮೇಲೆ, ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ ಬರೆಯಿರಿ. "ಮಗುವಿನ ಎಡ ಕಿಡ್ನಿ ಹಿಗ್ಗಿದೆ. ಹುಟ್ಟಿದ ಒಂದು ವಾರದಲ್ಲಿ ಮಗುವಿಗೆ ಸ್ಕ್ಯಾನ್ ಮಾಡಿಸಿ." ಇಷ್ಟು ಸಾಕು. ನಾನು ತವರಿಗೆ ಒಯ್ದದ್ದು ತಾಯಿ ಕಾರ್ಡನ್ನೇ. ನನ್ನಂಥವರೆಲ್ಲ ಒಯ್ಯುವುದು ಅದನ್ನೇ. ಸ್ಕ್ಯಾನ್ ತಾರೀಕೂ ಹೇಳಿ ಕಳಿಸಬೇಕು. ಹುಟ್ಟಿದ ಮೊದಲ ಎರಡು ದಿನ ಕೂಸಿನ ಮೈಯಲ್ಲಿ ನೀರು ಕಡಿಮೆ ಇರುತ್ತದೆ, ಆಗ ನೋಡಿದರೆ ಕಿಡ್ನಿ ಸರಿಯಾಗಿದ್ದಂತೆ ಕಾಣಬಹುದು. ಅದಕ್ಕೇ ಮೂರು ದಿನ ಕಳೆದ ಮೇಲೆ ಒಮ್ಮೆ, ಒಂದೂವರೆ ತಿಂಗಳ ಹೊತ್ತಿಗೆ ಇನ್ನೊಮ್ಮೆ ನೋಡಬೇಕು. ಎರಡೂ ಕಿಡ್ನಿ ಊದಿ ಮೂತ್ರಕೋಶವೂ ತುಂಬಿ ನಿಂತಿದ್ದರೆ ಮಾತ್ರ ಕಾಯುವಂತಿಲ್ಲ, ಕೂಡಲೇ ನೋಡಬೇಕು.

ಸ್ಕ್ಯಾನ್ ಮಾಡುವವರಿಗೆ ಒಂದು ಅಂಜಿಕೆ ಇರುವುದನ್ನು ನಾನು ಕಂಡಿದ್ದೇನೆ. ಮಗುವಿನ ಬಗ್ಗೆ ಬಾಯಿ ಬಿಡಲು ಹಿಂದೆ ಮುಂದೆ ನೋಡುತ್ತಾರೆ. ಗಂಡೋ ಹೆಣ್ಣೋ ಹೇಳಬಾರದು, 1994ರ ಆ ಕಾನೂನು ಬೇಕೇ ಬೇಕು. ಹೆಣ್ಣಾಗಿ ಹುಟ್ಟಿದ ನನಗೆ ಅದರ ಬೆಲೆ ಗೊತ್ತು. ಆದರೆ ಕಿಡ್ನಿ ಊದಿದೆ, ಮೂತ್ರಕೋಶ ಖಾಲಿಯಾಗುತ್ತಿಲ್ಲ, ಗರ್ಭದ ನೀರು ಕಡಿಮೆ ಇದೆ ಅಂತ ತಾಯಿಗೆ ಹೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ ಅಲ್ವಾ? ಇದನ್ನು ಒಂದು ಸುತ್ತೋಲೆಯಲ್ಲಿ ಬಿಡಿಸಿ ಬರೆದು ಎಲ್ಲ ಸ್ಕ್ಯಾನಿಂಗ್ ಸೆಂಟರಿಗೂ ಕಳಿಸಿ.

ಹೆರಿಗೆಯಾದ ಮೇಲೆ ಆಶಾ ಅಕ್ಕ 42 ದಿನದೊಳಗೆ ಆರು ಸಲ ಮನೆಗೆ ಬರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಕೂಸನ್ನು ಜೋಳಿಗೆಯಲ್ಲಿ ಹಾಕಿ ತೂಗಿದರು, ಹೊಕ್ಕುಳು ನೋಡಿದರು, ಜ್ವರ ನೋಡಿದರು. ಅವರ ಫಾರಂನಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ. ಗಂಡು ಕೂಸಾದರೆ ಉಚ್ಚೆ ಧಾರೆಯಾಗಿ ಹೋಗುತ್ತದಾ, ತೊಟ್ಟಿಕ್ಕುತ್ತದಾ? ಬಸುರಿಯಿದ್ದಾಗ ಸ್ಕ್ಯಾನಿನಲ್ಲಿ ಕಿಡ್ನಿ ಬಗ್ಗೆ ಏನಾದರೂ ಬರೆದಿದ್ದರಾ, ಆ ಕಾಗದ ತೋರಿಸಿ ಅಂತ. ಆ ಎರಡನೇ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿದ್ದರೆ ಅವತ್ತೇ ಗಂಡನಿಗೆ ಫೋನ್ ಮಾಡಿ ಟ್ರಂಕು ತೆಗೆಸುತ್ತಿದ್ದೆ. ಆಶಾ ಅಕ್ಕಂದಿರ ಮೇಲೆ ಈಗಲೇ ಹೊರೆ ಜಾಸ್ತಿ ಇದೆ ಅಂತ ಗೊತ್ತು. ಕೆಲಸ ಹೆಚ್ಚಿಸಿದರೆ ಅವರ ಗೌರವಧನವನ್ನೂ ಹೆಚ್ಚಿಸಬೇಕು.

ಅಂಗನವಾಡಿಗೆ, ಶಾಲೆಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. 2013ರಲ್ಲಿ ಅದು ಶುರುವಾದಾಗ ಮಾಡಿದ ಪಟ್ಟಿಯಲ್ಲಿ ಒಂಬತ್ತು ಹುಟ್ಟು ದೋಷಗಳಿವೆ. ಸೀಳು ತುಟಿ, ಸೊಟ್ಟ ಪಾದ, ಹೃದಯದ ತೊಂದರೆ, ಕಿವುಡು, ಕಣ್ಣಿನ ಪೊರೆ ಹೀಗೆ. ಎಲ್ಲವೂ ಬೇಕಾದವೇ. ಮೂತ್ರದ ದಾರಿ ಕಟ್ಟಿದ್ದು ಮಾತ್ರ ಅದರಲ್ಲಿಲ್ಲ. ನನ್ನ ಮಗನನ್ನು ಅಂಗನವಾಡಿಯಲ್ಲಿ ಆ ತಂಡ ಎರಡು ಸಲ ನೋಡಿತ್ತು. ಹಲ್ಲು ನೋಡಿದರು, ಕಣ್ಣು ನೋಡಿದರು, ತೋಳಿನ ಸುತ್ತಳತೆ ತೆಗೆದರು. ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಹುಡುಕುವುದಾದರೂ ಯಾಕೆ? ಆಯಾ ರಾಜ್ಯಗಳು ತಮ್ಮಲ್ಲಿ ಬೇಕಾದ ಕಾಯಿಲೆಯನ್ನು ಸೇರಿಸಿಕೊಳ್ಳಲು ಆ ಕಾರ್ಯಕ್ರಮದಲ್ಲೇ ಅವಕಾಶ ಇದೆ. ಕರ್ನಾಟಕ ಇದನ್ನು ಸೇರಿಸಲಿ.

ಇನ್ನೊಂದು ಸಣ್ಣ ವಿಷಯ, ಆದರೆ ಬಿಟ್ಟರೆ ದೊಡ್ಡದಾಗುತ್ತದೆ. ಆಪರೇಷನ್ ಮಾಡುವಾಗ ಹೊಲಿಗೆ ಮಾಯುವವರೆಗೆ ದಾರಿ ಮುಚ್ಚದಿರಲಿ ಅಂತ ಒಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟಿರುತ್ತಾರೆ. ಸ್ಟೆಂಟ್. ನಾಲ್ಕರಿಂದ ಆರು ವಾರಕ್ಕೆ ಅದನ್ನು ತೆಗೆಸಬೇಕು. ಮಕ್ಕಳಿಗಾದರೆ ಅದಕ್ಕೂ ಅನಸ್ತೇಷಿಯಾ ಕೊಡಬೇಕು, ಮತ್ತೆ ಆಸ್ಪತ್ರೆಗೆ ಬರಬೇಕು. ನೋವು ಹೋಯಿತಲ್ಲ, ಮತ್ತೆ ಯಾಕೆ ಹತ್ತು ಗಂಟೆ ಬಸ್ಸು, ಕೂಲಿ ತಪ್ಪುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಒಳಗೇ ಉಳಿದ ಸ್ಟೆಂಟಿನ ಸುತ್ತ ಕಲ್ಲು ಕಟ್ಟುತ್ತದೆ, ಆಗ ಇನ್ನೊಂದು ದೊಡ್ಡ ಆಪರೇಷನ್ ಬೇಕಾಗುತ್ತದೆ. ಸ್ಟೆಂಟ್ ಇಟ್ಟ ಪ್ರತಿ ಮಗುವಿನ ಹೆಸರು ಒಂದು ರಿಜಿಸ್ಟರಿನಲ್ಲಿ ಇರಲಿ. ಐದನೇ ವಾರಕ್ಕೆ ಆಸ್ಪತ್ರೆಯಿಂದಲೇ ಫೋನ್ ಹೋಗಲಿ. ಬರುವ ಹೋಗುವ ಬಸ್ ಚಾರ್ಜನ್ನಾದರೂ ಸರ್ಕಾರ ಕೊಡಲಿ. ನಮಗೆ ಆಪರೇಷನ್ ಪುಕ್ಕಟೆಯಾಯಿತು, ಆದರೆ ಬಸ್ಸು, ಊಟ, ಹದಿನೈದು ದಿನ ನಿಂತ ಹೊಲಿಗೆ ಮಿಷನ್, ಇವಕ್ಕೆ ನನ್ನ ಕಿವಿಯೋಲೆ ಹೋಯಿತು.

ಈ ಆಪರೇಷನ್ ಉತ್ತರ ಕರ್ನಾಟಕದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ವಾರದಲ್ಲಿ ಗೊತ್ತಾದ ದಿನ ನಡೆಯುವಂತಾಗಬೇಕು. ಮಕ್ಕಳಿಗೆ ಸರಿಹೋಗುವ ಸಣ್ಣ ಸಲಕರಣೆ ಕೊಂಡು ಕೊಟ್ಟರೆ ಸಾಲದು. ಹೊಲಿಗೆ ಮಿಷನ್ ಕೊಂಡ ದಿನವೇ ಯಾರೂ ಟೇಲರ್ ಆಗುವುದಿಲ್ಲ. ಸರ್ಜನ್‌ಗಳನ್ನು, ಮಕ್ಕಳಿಗೆ ಅನಸ್ತೇಷಿಯಾ ಕೊಡುವವರನ್ನು ತರಬೇತಿಗೆ ಕಳಿಸಿ, ಕೈ ಪಳಗುವವರೆಗೆ ಅಲ್ಲಿಯೇ ಇರಲು ಬಿಡಿ. ಪಳಗಿದ ಮೇಲೆ ಸುಮ್ನೆ ಬೇರೆ ಕಡೆ ವರ್ಗ ಮಾಡಬೇಡಿ.

ಈ ಪತ್ರದ ಜೊತೆ ನನ್ನ ಎಂಟನೇ ತಿಂಗಳ ಸ್ಕ್ಯಾನ್ ರಿಪೋರ್ಟಿನ ಜೆರಾಕ್ಸ್ ಇಟ್ಟಿದ್ದೇನೆ. ನನ್ನ ಹೆಸರು, ಸ್ಕ್ಯಾನಿಂಗ್ ಸೆಂಟರಿನ ಹೆಸರು ಎರಡನ್ನೂ ಅಳಿಸಿದ್ದೇನೆ. ಯಾರನ್ನೂ ಶಿಕ್ಷೆಗೆ ಗುರಿ ಮಾಡುವುದು ನನ್ನ ಉದ್ದೇಶವಲ್ಲ. ಅದನ್ನು ಬರೆದವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ತಾವು ಎರಡನೇ ಪುಟ ತೆಗೆದು ಕೊನೆಯ ಸಾಲು ನೋಡಿ. ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.

ಇಂತಿ,
ಒಬ್ಬ ತಾಯಿ